ಗುಂಯ್ ಎನ್ನದ ಪೆಟ್ಟಿಗೆ

ಟೀವಿ ಕೆಳಗೆ ಇಡುವ ಕಂಪ್ಯೂಟರಿಗೂ ಆಫೀಸಿನ ಮೇಜಿನ ಕೆಳಗಿರುವ ಕಂಪ್ಯೂಟರಿಗೂ ಒಳಗೆ ದೊಡ್ಡ ವ್ಯತ್ಯಾಸವೇನಿಲ್ಲ. ಅದೇ ಪ್ರಾಸೆಸರ್, ಅದೇ ಮದರ್‌ಬೋರ್ಡ್, ಅದೇ ರ‍್ಯಾಮ್. ವ್ಯತ್ಯಾಸ ಇರೋದು ನಮ್ಮ ಕಿವಿಯಲ್ಲಿ. ಆಫೀಸಿನಲ್ಲಿ ಎಸಿ, ಪಕ್ಕದವನ ಕೀಬೋರ್ಡು, ಎದುರು ಸಾಲಿನವರ ಕಾಲ್ ಎಲ್ಲ ಸೇರಿ ಫ್ಯಾನಿನ ಸದ್ದನ್ನು ನುಂಗಿಬಿಡುತ್ತವೆ. ಮನೆಯಲ್ಲಿ ಹಾಗಲ್ಲ. ರಾತ್ರಿ ಹತ್ತೂವರೆಗೆ ದೀಪ ಆರಿಸಿ ಸಿನಿಮಾ ಹಾಕಿ ಕೂತಿರ್ತೀರಿ. ಪಾತ್ರಗಳಿಬ್ಬರೂ ಮಾತು ನಿಲ್ಲಿಸಿ ಒಬ್ಬರನ್ನೊಬ್ಬರು ನೋಡುವ ನಾಲ್ಕು ಸೆಕೆಂಡ್ ಇರುತ್ತಲ್ಲ, ಸರಿಯಾಗಿ ಆಗಲೇ ಕೇಳಿಸುತ್ತೆ: ಗುಂಯ್.

ಈ ಗುಂಯ್‌ಗೆ ಒಂದು ಇತಿಹಾಸ ಇದೆ. ಅದು ಎಲ್ಲಿಂದ ಬಂತು, ಯಾರು ಓಡಿಸಿದರು, ಓಡಿ ಎಲ್ಲಿಗೆ ಹೋಯಿತು ಅನ್ನೋದು ಗೊತ್ತಿದ್ದರೆ ಇವತ್ತು ಸದ್ದಿಲ್ಲದ ಹೋಮ್ ಥಿಯೇಟರ್ ಪಿಸಿಗೆ ಯಾವ ಭಾಗ ತಗೋಬೇಕು ಅನ್ನೋ ಪ್ರಶ್ನೆ ಅರ್ಧ ಬಗೆಹರಿದಂತೆ. ಯಾಕಂದ್ರೆ ಅಂಗಡಿಯಲ್ಲಿ ಸಿಗುವ ಪ್ರತಿಯೊಂದು ಭಾಗವೂ ಆ ಇತಿಹಾಸದ ಯಾವುದೋ ಒಂದು ಜಗಳಕ್ಕೆ ಸಿಕ್ಕ ಉತ್ತರ.

ಮೊದಲೇ ಹೇಳಿಬಿಡ್ತೀನಿ, ಸದ್ದಿನ ವಿಷಯದಲ್ಲಿ ನಾನು ಸ್ವಲ್ಪ ಅತಿ. ಬೆಳೆದಿದ್ದು ಸಾಗರದ ಕಡೆಯ ಹಳ್ಳಿಯಲ್ಲಿ. ಅಲ್ಲಿ ರಾತ್ರಿ ಜೀರುಂಡೆ ಬಿಟ್ಟರೆ ಬೇರೆ ಸದ್ದಿಲ್ಲ. ದೂರದ ತಿರುವಿನಲ್ಲಿ ಬೈಕೊಂದು ಗೇರ್ ಬದಲಿಸಿದರೆ ಯಾರ ಮನೆಗೆ ಯಾರು ಬಂದರು ಅಂತ ಅಜ್ಜಿ ಮಲಗಿದಲ್ಲಿಂದಲೇ ಹೇಳ್ತಿದ್ದಳು. ಅಂಥ ಕಿವಿ ಇಟ್ಟುಕೊಂಡು ಬೆಂಗಳೂರಿಗೆ ಬಂದವನಿಗೆ 40 ಮಿಲಿಮೀಟರಿನ ಒಂದು ಪುಟ್ಟ ಫ್ಯಾನ್ ಕೂಡ ಶತ್ರು.

ಹುಟ್ಟುವಾಗ ಮೂಕ

ಮನೆಯ ಕಂಪ್ಯೂಟರ್ ಹುಟ್ಟಿದ್ದೇ ಸದ್ದಿಲ್ಲದೆ. 1977ರ ಆಪಲ್ 2ರಲ್ಲಿ ಫ್ಯಾನ್ ಇರಲಿಲ್ಲ. ಫ್ಯಾನ್ ಇರಬಾರದು ಅಂತ ಹಟ ಹಿಡಿದದ್ದು ಸ್ಟೀವ್ ಜಾಬ್ಸ್. ಆದರೆ ಹಟದಿಂದ ಬಿಸಿ ಕಡಿಮೆಯಾಗೋದಿಲ್ಲ. ಅದನ್ನು ಸಾಧ್ಯ ಮಾಡಿದ್ದು ರಾಡ್ ಹೋಲ್ಟ್ ಎಂಬ ಎಂಜಿನಿಯರ್. ಆ ಕಾಲದ ಪವರ್ ಸಪ್ಲೈಗಳಲ್ಲಿ ಹೆಚ್ಚಿನವು ಬೇಡವಾದ ವೋಲ್ಟೇಜನ್ನು ಬಿಸಿಯಾಗಿ ಸುಟ್ಟು ಬಿಸಾಡುವಂಥವು. ಹೋಲ್ಟ್ ಹಾಕಿದ್ದು ಸ್ವಿಚಿಂಗ್ ಪವರ್ ಸಪ್ಲೈ. ಅದು ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಮಾಡಿ, ಬೇಕಾದಷ್ಟನ್ನೇ ಒಳಗೆ ಬಿಡುತ್ತದೆ. ಬಿಸಿಯೇ ಕಡಿಮೆ, ಹಾಗಾಗಿ ಗಾಳಿಯೂ ಬೇಡ. ಬಿಸಿಯನ್ನು ಹೊರಗೆ ಹಾಕೋದಕ್ಕಿಂತ ಹುಟ್ಟಿಸದೇ ಇರೋದು ಜಾಣತನ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದಿನ ಕಥೆಯೆಲ್ಲ ಇದರ ಸುತ್ತಲೇ ತಿರುಗುತ್ತೆ.

ಅದೇ ಹಟ ಮೂರು ವರ್ಷಕ್ಕೆ ಕೈಕೊಟ್ಟಿತು. 1980ರ ಆಪಲ್ 3ರಲ್ಲೂ ಫ್ಯಾನ್ ಬೇಡ ಅಂದರು. ಗಾಳಿಯಾಡುವ ಕಿಂಡಿಗಳನ್ನೂ ಬಿಡಲಿಲ್ಲ. ಬಿಸಿಗೆ ಚಿಪ್‌ಗಳು ತಮ್ಮ ಸಾಕೆಟ್ಟಿನಿಂದ ಸಡಿಲವಾದಾಗ, ಯಂತ್ರವನ್ನು ಕೆಲವು ಇಂಚು ಎತ್ತಿ ಮೇಜಿನ ಮೇಲೆ ಕುಕ್ಕಿ ಅಂತ ಗ್ರಾಹಕರಿಗೆ ಸಲಹೆ ಕೊಡುವ ಪರಿಸ್ಥಿತಿ ಬಂತು. ಫ್ಯಾನ್ ತೆಗೆದ ಮಾತ್ರಕ್ಕೆ ಯಂತ್ರ ತಣ್ಣಗಿರೋದಿಲ್ಲ ಅನ್ನೋ ಪಾಠ ಅವತ್ತೇ ಸಿಕ್ಕಿತ್ತು. 1984ರ ಮೊದಲ ಮ್ಯಾಕಿಂಟಾಷ್ ಕೂಡ ಫ್ಯಾನ್ ಇಲ್ಲದ್ದೇ. 1987ರ ಮ್ಯಾಕಿಂಟಾಷ್ ಎಸ್‌ಇಗೆ ಬರುವಾಗ ಆಪಲ್ ಕೂಡ ಸೋತು ಫ್ಯಾನ್ ಹಾಕಿತು.

ಐಬಿಎಂನವರಿಗೆ ಈ ಮಡಿವಂತಿಕೆ ಇರಲಿಲ್ಲ. 1981ರ ಅವರ ಪಿಸಿಯ ಪವರ್ ಸಪ್ಲೈಯಲ್ಲೇ ಫ್ಯಾನ್ ಕೂತಿತ್ತು. ಅದು ಆಫೀಸಿನ ಯಂತ್ರ, ಅಲ್ಲಿ ಟೈಪ್‌ರೈಟರುಗಳ ನಡುವೆ ಯಾರಿಗೆ ಕೇಳಿಸಬೇಕು? ಇವತ್ತು ನಾವು ಜೋಡಿಸುವ ಪಿಸಿ ಎಲ್ಲವೂ ಆ ಆಫೀಸ್ ಯಂತ್ರದ ವಂಶ. ಹಾಲ್‌ನಲ್ಲಿ ಕೂರಬೇಕಾದ ಪೆಟ್ಟಿಗೆಗೆ ಆಫೀಸಿನ ಸಂಸ್ಕಾರ ಬಂದದ್ದು ಹೀಗೆ.

ವ್ಯಾಟ್‌ಗಳ ಏಣಿ

ಆದರೂ ಆಗ ಫ್ಯಾನ್ ಇದ್ದದ್ದು ಒಂದೇ. ಪ್ರಾಸೆಸರ್ ಬರೀ ಮೈಯಲ್ಲಿ ಬೋರ್ಡಿನ ಮೇಲೆ ಕೂತಿರ್ತಿತ್ತು. 90ರ ದಶಕದ ಆರಂಭದ ವೇಗದ 486ಗಳಿಗೆ ತಲೆಯ ಮೇಲೆ ಅಲ್ಯೂಮಿನಿಯಂ ರೆಕ್ಕೆಗಳ ಹೀಟ್ ಸಿಂಕ್ ಬಂತು. 1993ರ ಮೊದಲ ಪೆಂಟಿಯಂ ಸುಮಾರು 15 ವ್ಯಾಟ್ ಬಿಸಿ ಕಾರುತ್ತಿತ್ತು, ಹೀಟ್ ಸಿಂಕ್ ಮೇಲೆ ಸಣ್ಣ ಫ್ಯಾನೂ ಹತ್ತಿ ಕೂತಿತು. 2000ದ ನವೆಂಬರಿನಲ್ಲಿ ಬಂದ ಪೆಂಟಿಯಂ 4 ಐವತ್ತು ವ್ಯಾಟ್ ದಾಟಿತು. 2004ರ ಫೆಬ್ರವರಿಯಲ್ಲಿ ಬಂದ ಪ್ರೆಸ್ಕಾಟ್ ಪೀಳಿಗೆಯ ಪೆಂಟಿಯಂ 4, ಮೇಲಿನ ಮಾದರಿಗಳಲ್ಲಿ ನೂರು ವ್ಯಾಟನ್ನೂ ದಾಟಿತು. ಹಳೇ ಕಾಲದ ನೂರು ವ್ಯಾಟಿನ ಬಲ್ಬನ್ನು ಉರಿಯುವಾಗ ಮುಟ್ಟಿದವರಿಗೆ ಅದರ ಬಿಸಿ ಗೊತ್ತು. ಅಷ್ಟು ಬಿಸಿ ಉಗುರಿನಗಲದ ಸಿಲಿಕಾನ್ ಚೂರಿನಿಂದ ಬರ್ತಿತ್ತು.

ಹೀಗಾಗಿದ್ದಕ್ಕೆ ಒಂದು ಕಾರಣ ಇದೆ. 1974ರಲ್ಲಿ ಐಬಿಎಂನ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು ಒಂದು ನಿಯಮ ತೋರಿಸಿದ್ದರು: ಟ್ರಾನ್ಸಿಸ್ಟರ್ ಚಿಕ್ಕದಾದಂತೆ ಅದಕ್ಕೆ ಬೇಕಾದ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಇಳಿಸಬಹುದು, ಹಾಗಾಗಿ ಅದೇ ಅಗಲದ ಚಿಪ್ಪಿನಲ್ಲಿ ಹೆಚ್ಚು ಟ್ರಾನ್ಸಿಸ್ಟರ್ ತುಂಬಿದರೂ ಬಿಸಿ ಹೆಚ್ಚಾಗಬೇಕಿಲ್ಲ. ಮೂರು ದಶಕ ಇಡೀ ಉದ್ಯಮ ಈ ನಿಯಮದ ಮೇಲೆ ಸವಾರಿ ಮಾಡಿತು. 2000ದ ನಂತರ ಟ್ರಾನ್ಸಿಸ್ಟರ್ ಎಷ್ಟು ಚಿಕ್ಕದಾಯಿತೆಂದರೆ, ಆಫ್ ಇದ್ದಾಗಲೂ ಒಳಗಿಂದ ಕರೆಂಟ್ ಸೋರತೊಡಗಿತು. ಎಷ್ಟು ತಿರುಗಿಸಿ ಬಂದ್ ಮಾಡಿದರೂ ತೊಟ್ಟಿಕ್ಕುವ ಹಳೇ ನಲ್ಲಿ ಇರುತ್ತಲ್ಲ, ಹಾಗೆ. ಒಂದು ನಲ್ಲಿ ತೊಟ್ಟಿಕ್ಕಿದರೆ ಪರವಾಗಿಲ್ಲ, ಹನ್ನೆರಡು ಕೋಟಿ ನಲ್ಲಿ ತೊಟ್ಟಿಕ್ಕಿದರೆ ಮನೆ ತುಂಬ ನೀರು. ಪ್ರೆಸ್ಕಾಟ್‌ನಲ್ಲಿ ಇದ್ದದ್ದು ಸುಮಾರು ಅಷ್ಟೇ ಟ್ರಾನ್ಸಿಸ್ಟರ್.

ಅದರ ಮೇಲೆ ಗಿಗಾಹರ್ಟ್ಸ್ ಪೈಪೋಟಿ ಬೇರೆ. ಡಬ್ಬಿಯ ಮೇಲೆ ದೊಡ್ಡ ಸಂಖ್ಯೆ ಹಾಕಬೇಕು ಅನ್ನೋ ಒಂದೇ ಗುರಿಗೆ ಇಂಟೆಲ್ ತನ್ನ ಇಡೀ ವಿನ್ಯಾಸವನ್ನು ಬಗ್ಗಿಸಿತ್ತು. 2004ರ ಮೇ ತಿಂಗಳಲ್ಲಿ ಪ್ರೆಸ್ಕಾಟ್ ನಂತರ ಬರಬೇಕಿದ್ದ ತೇಜಸ್ ಎಂಬ ಪ್ರಾಸೆಸರನ್ನು ಕೈಬಿಟ್ಟರು. ಅದೇ ವರ್ಷದ ಅಕ್ಟೋಬರಿನಲ್ಲಿ 4 ಗಿಗಾಹರ್ಟ್ಸ್ ಪೆಂಟಿಯಂ 4 ಕೂಡ ರದ್ದು. ಕಂಪನಿಯ ಮುಖ್ಯಸ್ಥ ಕ್ರೇಗ್ ಬ್ಯಾರೆಟ್ ಒಂದು ಸಮ್ಮೇಳನದ ವೇದಿಕೆಯಲ್ಲಿ ತಮಾಷೆಗೆಂಬಂತೆ ಮೊಣಕಾಲೂರಿ ಕ್ಷಮೆ ಕೇಳಿದರು. ತಮಾಷೆ ಹೌದು, ಆದರೆ ಅಷ್ಟು ದೊಡ್ಡ ಕಂಪನಿ ಭೌತಶಾಸ್ತ್ರದ ಮುಂದೆ ಮಂಡಿಯೂರಿದ ಕ್ಷಣವೂ ಅದೇ.

ಹಾಲ್‌ಗೆ ಬಂದ ಅತಿಥಿ

ಗ್ರಹಚಾರ ನೋಡಿ, ಪಿಸಿ ಅತ್ಯಂತ ಬಿಸಿಯಾಗಿದ್ದ ಆ ವರ್ಷಗಳಲ್ಲೇ ಅದಕ್ಕೆ ಹಾಲ್‌ಗೆ ಬರುವ ಆಸೆ ಹುಟ್ಟಿತು.

ಮೊದಲ ಪ್ರಯತ್ನ ಇನ್ನೂ ಹಿಂದಿನದು. 1996ರಲ್ಲಿ ಅಮೆರಿಕದ ಗೇಟ್‌ವೇ 2000 ಕಂಪನಿ ಡೆಸ್ಟಿನೇಶನ್ ಹೆಸರಿನಲ್ಲಿ 31 ಇಂಚಿನ ದೊಡ್ಡ ಮಾನಿಟರ್ ಜೊತೆಗೆ ಹಾಲ್‌ಗೆಂದೇ ಒಂದು ಪಿಸಿ ಮಾರಿತು. ಅದೇ ವರ್ಷದ ಕೊನೆಗೆ ಜಪಾನಿನಲ್ಲಿ ಡಿವಿಡಿ ಬಂತು. 2002ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ ಎಕ್ಸ್‌ಪಿ ಮೀಡಿಯಾ ಸೆಂಟರ್ ಎಡಿಶನ್ ಬಿಟ್ಟಿತು. ಸೋಫಾದಲ್ಲಿ ಕೂತು ರಿಮೋಟಿನಲ್ಲಿ ನಡೆಸಬಹುದಾದ, ಹತ್ತು ಅಡಿ ದೂರದಿಂದ ಓದಬಹುದಾದಷ್ಟು ದೊಡ್ಡ ಅಕ್ಷರದ ವಿಂಡೋಸ್. ಟೀವಿ ಕಾರ್ಯಕ್ರಮ ರೆಕಾರ್ಡ್ ಮಾಡು, ಹಾಡು ಕೇಳು, ಫೋಟೋ ನೋಡು, ಎಲ್ಲ ಒಂದೇ ಪೆಟ್ಟಿಗೆಯಲ್ಲಿ.

ಅದೇ ಹೊತ್ತಿಗೆ ಮೈಕ್ರೋಸಾಫ್ಟಿನದೇ ಎಕ್ಸ್‌ಬಾಕ್ಸ್ ಗೇಮ್ ಯಂತ್ರವನ್ನು ಹವ್ಯಾಸಿ ಪ್ರೋಗ್ರಾಮರುಗಳು ಬಿಚ್ಚಿ, ಅದರಲ್ಲಿ ಸಿನಿಮಾ ಓಡಿಸೋ ತಂತ್ರಾಂಶ ಬರೆದರು. ಅದರೊಳಗೆ ಇದ್ದದ್ದು 733 ಮೆಗಾಹರ್ಟ್ಸಿನ ಪೆಂಟಿಯಂ 3 ಬಳಗದ ಪ್ರಾಸೆಸರ್, 64 ಎಂಬಿ ಮೆಮೊರಿ. ಅಷ್ಟರಲ್ಲೇ ಡಿವಿಡಿ ಗುಣಮಟ್ಟದ ವಿಡಿಯೋ ಸರಾಗವಾಗಿ ಓಡ್ತಿತ್ತು. ಎಕ್ಸ್‌ಬಾಕ್ಸ್ ಮೀಡಿಯಾ ಸೆಂಟರ್ ಅಂತ ಶುರುವಾದ ಆ ತಂತ್ರಾಂಶ 2014ರಲ್ಲಿ ಕೋಡಿ ಅಂತ ಹೆಸರು ಬದಲಿಸಿಕೊಂಡು ಇವತ್ತಿಗೂ ಉಚಿತವಾಗಿ ಸಿಗುತ್ತೆ.

ಯಾರಿಗೂ ಬಗೆಹರಿಯದೆ ಉಳಿದದ್ದು ಸದ್ದು. ಪ್ರಾಸೆಸರ್‌ಗೊಂದು ಫ್ಯಾನ್, ಗ್ರಾಫಿಕ್ಸ್ ಕಾರ್ಡಿಗೊಂದು, ಪವರ್ ಸಪ್ಲೈಗೊಂದು, ಕೇಸಿಗೆ ಎರಡು, ಜೊತೆಗೆ ಟಕಟಕ ಅನ್ನೋ ಹಾರ್ಡ್ ಡಿಸ್ಕ್. ಡಿವಿಡಿ ಪ್ಲೇಯರ್ ಇದಕ್ಕಿಂತ ಅಗ್ಗ, ಇದಕ್ಕಿಂತ ಮೌನಿ. ಯಾವ ಮನೆಯಾಕೆ ಈ ಡ್ರೈಯರನ್ನು ಟೀವಿ ಕೆಳಗೆ ಇಡಲು ಒಪ್ಪುತ್ತಾಳೆ? ಮನೆಯವರ ಮೌನವೇ ಇದಕ್ಕೆ ನಿಜವಾದ ವಿಮರ್ಶೆಯಾಗಿತ್ತು.

ಕಿವಿ ಕೊಟ್ಟವರು

ಹೀಗಿರುವಾಗ ದೊಡ್ಡ ಕಂಪನಿಗಳು ಕಿವಿ ಮುಚ್ಚಿಕೊಂಡಿದ್ದರೆ, ಕೆಲವು ಹುಚ್ಚರು ಕಿವಿ ಕೊಟ್ಟು ಕೂತರು. 2002ರಲ್ಲಿ ಕೆನಡಾದ ವ್ಯಾಂಕೂವರಿನ ಮೈಕ್ ಚಿನ್ 'ಸೈಲೆಂಟ್ ಪಿಸಿ ರಿವ್ಯೂ' ಶುರುಮಾಡಿದರು. ಉಳಿದವರೆಲ್ಲ ಯಾವುದು ವೇಗ ಅಂತ ಅಳೆಯುವಾಗ ಇವರು ಯಾವುದು ಮೌನ ಅಂತ ಅಳೆದರು. ಹಾರ್ಡ್ ಡಿಸ್ಕನ್ನು ಸ್ಕ್ರೂ ಹಾಕಿ ಬಿಗಿಯುವ ಬದಲು ಎಲಾಸ್ಟಿಕ್ ದಾರದಲ್ಲಿ ತೊಟ್ಟಿಲಿನ ಹಾಗೆ ತೂಗುಹಾಕುವ ಉಪಾಯವನ್ನು ಜನಪ್ರಿಯ ಮಾಡಿದ್ದು ಇದೇ ಬಳಗ. ಡಿಸ್ಕಿನ ಕಂಪನ ಕೇಸಿಗೆ ದಾಟದಿದ್ದರೆ ಇಡೀ ಕೇಸು ತಮಟೆಯಾಗೋದು ತಪ್ಪುತ್ತೆ.

ಇವರು ಕಲಿಸಿದ ಲೆಕ್ಕ ಇವತ್ತಿಗೂ ಬೇಕು. ಫ್ಯಾನಿನ ವೇಗ ಅರ್ಧ ಮಾಡಿದರೆ ಗಾಳಿ ಅರ್ಧ ಆಗುತ್ತೆ, ಆದರೆ ಸದ್ದು ಸುಮಾರು 15 ಡೆಸಿಬಲ್ ಇಳಿಯುತ್ತೆ. ಹತ್ತು ಡೆಸಿಬಲ್ ಇಳಿದರೆ ನಮ್ಮ ಕಿವಿಗೆ ಸದ್ದು ಅರ್ಧವಾದಂತೆ ಕೇಳಿಸುತ್ತೆ. ಇನ್ನೊಂದು ಕಡೆ, ಒಂದೇ ಥರದ ಎರಡು ಫ್ಯಾನ್ ಒಟ್ಟಿಗೆ ಓಡಿದರೆ ಸದ್ದು ಹೆಚ್ಚೋದು 3 ಡೆಸಿಬಲ್ ಮಾತ್ರ. ಎರಡನ್ನೂ ಕೂಡಿಸಿ ನೋಡಿ: ಪೂರ್ತಿ ವೇಗದ ಒಂದು ಫ್ಯಾನಿನ ಬದಲು ಅರ್ಧ ವೇಗದ ಎರಡು ಫ್ಯಾನ್ ಹಾಕಿದರೆ ಗಾಳಿ ಹೆಚ್ಚುಕಡಿಮೆ ಅಷ್ಟೇ, ಸದ್ದು 12 ಡೆಸಿಬಲ್ ಕಡಿಮೆ. ಫ್ಯಾನ್ ಹೆಚ್ಚಾದರೆ ಸದ್ದು ಹೆಚ್ಚು ಅಂತ ನಂಬಿದವರಿಗೆ ಇದು ತಲೆಕೆಳಗಾದ ಲೆಕ್ಕ. ಅದೇ ಕಾರಣಕ್ಕೆ 80 ಮಿಲಿಮೀಟರಿನ ಫ್ಯಾನ್ ಹೋಗಿ 120 ಮಿಲಿಮೀಟರಿನದು ಬಂತು. ದೊಡ್ಡ ಎಲೆ ನಿಧಾನ ತಿರುಗಿದರೂ ಸಾಕಷ್ಟು ಗಾಳಿ ಹಾಯಿಸುತ್ತೆ. ಬಟ್ಟೆಯಂಗಡಿಯ ಮೂಲೆಯ ಸಣ್ಣ ಟೇಬಲ್ ಫ್ಯಾನಿಗೂ ಕಲ್ಯಾಣಮಂಟಪದ ದೊಡ್ಡ ಸೀಲಿಂಗ್ ಫ್ಯಾನಿಗೂ ಇರುವ ವ್ಯತ್ಯಾಸ ಅದು.

ಕಂಪನಿಗಳೂ ಹುಟ್ಟಿಕೊಂಡವು. ಕೊರಿಯಾದ ಝಾಲ್ಮನ್ ಹೂವಿನ ಎಸಳಿನ ಹಾಗೆ ಅರಳಿದ ತಾಮ್ರದ ಕೂಲರ್‌ಗಳನ್ನು ಮಾಡಿತು. ಇಡೀ ಕೇಸನ್ನೇ ಹೀಟ್ ಸಿಂಕ್ ಮಾಡಿ, ಒಂದೂ ಫ್ಯಾನ್ ಇಲ್ಲದ, ಒಬ್ಬರೇ ಎತ್ತಲಾಗದಷ್ಟು ಭಾರದ ಅಲ್ಯೂಮಿನಿಯಂ ಕಪಾಟೊಂದನ್ನೂ ಮಾರಿತು. 2005ರಲ್ಲಿ ಆಸ್ಟ್ರಿಯಾದ ನಾಕ್ಟುವಾ ಶುರುವಾಯಿತು. ಅದರ ಫ್ಯಾನ್‌ಗಳ ಬಣ್ಣ ಕಾಫಿಪುಡಿ ಮತ್ತು ಕೆನೆಯ ಮಿಶ್ರಣ, ನೋಡಲು ಚಂದ ಅಂತ ಯಾರೂ ಹೇಳೋದಿಲ್ಲ, ಆದರೆ ಕೇಳಲು ಏನೂ ಇರೋದಿಲ್ಲ.

ಇವರೆಲ್ಲರ ಬ್ರಹ್ಮಾಸ್ತ್ರ ಹೀಟ್ ಪೈಪ್. 1963ರಲ್ಲಿ ಅಮೆರಿಕದ ಲಾಸ್ ಅಲಾಮೊಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ ಕೆಲಸ ಮಾಡಿ ತೋರಿಸಿದ ವಸ್ತು ಅದು, ಬೇಗನೇ ಉಪಗ್ರಹಗಳಿಗೂ ಹೋಯಿತು. ಮುಚ್ಚಿದ ತಾಮ್ರದ ಕೊಳವೆ, ಒಳಗೆ ಗಾಳಿ ತೆಗೆದು ಸ್ವಲ್ಪವೇ ಸ್ವಲ್ಪ ನೀರು. ಬಿಸಿ ತುದಿಯಲ್ಲಿ ನೀರು ಆವಿಯಾಗುತ್ತೆ, ತಣ್ಣನೆಯ ತುದಿಗೆ ಓಡಿ ಹನಿಯಾಗುತ್ತೆ, ಬತ್ತಿಯಂಥ ಒಳಪದರದ ಮೂಲಕ ವಾಪಸ್ ಬರುತ್ತೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಒಳಗೆ ಸಾಲಾಗಿ ಹನಿ ಕೂತಿರುತ್ತಲ್ಲ, ಅದೇ ವಿದ್ಯೆ. ಮೋಟಾರಿಲ್ಲ, ಕರೆಂಟಿಲ್ಲ, ಸದ್ದಿಲ್ಲ.

ಉಳಿದ ಭಾಗಗಳೂ ಒಂದೊಂದಾಗಿ ಬಾಯಿ ಮುಚ್ಚಿದವು. 2001ರ ಸೀಗೇಟ್ ಬಾರಕುಡಾ ಎಟಿಎ 4 ಹಾರ್ಡ್ ಡಿಸ್ಕಿನಲ್ಲಿ ಉಕ್ಕಿನ ಗುಂಡುಗಳ ಬದಲು ತೆಳುವಾದ ಎಣ್ಣೆಯ ಪದರದ ಮೇಲೆ ತಿರುಗುವ ಬೇರಿಂಗ್ ಬಂತು, ಡಿಸ್ಕಿನ ಕೀಚಲು ಸದ್ದು ಹೋಯಿತು. 2004ರಲ್ಲಿ ಶುರುವಾದ 80 ಪ್ಲಸ್ ಯೋಜನೆ ಪವರ್ ಸಪ್ಲೈಗಳಿಗೆ ಕನಿಷ್ಠ ಶೇಕಡ 80 ದಕ್ಷತೆಯ ಮುದ್ರೆ ಕೊಡತೊಡಗಿತು. ಉದ್ದೇಶ ವಿದ್ಯುತ್ ಉಳಿತಾಯ, ಆದರೆ ಪೋಲಾಗದ ವಿದ್ಯುತ್ತು ಬಿಸಿಯೂ ಆಗೋದಿಲ್ಲವಲ್ಲ, ಕಿವಿಗೂ ಲಾಭ. ರಾಡ್ ಹೋಲ್ಟ್ 1977ರಲ್ಲಿ ಮಾಡಿದ್ದನ್ನೇ ಉಳಿದವರು ನಿಧಾನಕ್ಕೆ ಕಲಿಯುತ್ತಿದ್ದರು.

ದುಡಿಯದೇ ಗೆದ್ದ ಪ್ರಾಸೆಸರ್

ಇಷ್ಟೆಲ್ಲ ಮಾಡಿದರೂ ಇದು ಬೆಂಕಿ ಆರಿಸುವ ಕೆಲಸ. ನಿಜವಾದ ತಿರುವು ಬಂದದ್ದು ಬೆಂಕಿಯೇ ಚಿಕ್ಕದಾದಾಗ.

ಅದಕ್ಕೆ ಎರಡು ದಾರಿ. ಮೊದಲನೆಯದು ಇಸ್ರೇಲಿನ ಹೈಫಾದಿಂದ ಬಂತು. ಅಲ್ಲಿನ ಇಂಟೆಲ್ ತಂಡ ಲ್ಯಾಪ್‌ಟಾಪ್‌ಗೆಂದು ಮಾಡಿದ ಪೆಂಟಿಯಂ ಎಂ 2003ರ ಮಾರ್ಚಿನಲ್ಲಿ ಬಿಡುಗಡೆಯಾಯಿತು. ಗಿಗಾಹರ್ಟ್ಸ್ ಕಡಿಮೆ, ಬಿಸಿ 25 ವ್ಯಾಟಿನ ಆಸುಪಾಸು, ಆದರೆ ಕೆಲಸದಲ್ಲಿ ಪೆಂಟಿಯಂ 4ರ ಭುಜಕ್ಕೆ ಭುಜ. ಬ್ಯಾಟರಿ ಉಳಿಸಲು ಕಲಿತ ಶಿಸ್ತು ಡೆಸ್ಕ್‌ಟಾಪಿಗೂ ದಾರಿ ತೋರಿಸಿತು. 2006ರ ಕೋರ್ 2 ಡ್ಯುಯೊ ಇದೇ ವಂಶದ ಕುಡಿ, 65 ವ್ಯಾಟಿಗೆ ಇಳಿದು ಬಂತು. ಗಿಗಾಹರ್ಟ್ಸ್ ಯುಗ ಮುಗಿಯಿತು.

ಎರಡನೆಯ ದಾರಿ ಇನ್ನೂ ಮುಖ್ಯ. ಬ್ಲೂ ರೇ ಬಂದದ್ದು 2006ರಲ್ಲಿ. ಎಚ್.264 ವಿಡಿಯೋವನ್ನು ಪ್ರಾಸೆಸರಿನಲ್ಲೇ ಬಿಡಿಸಹೋದರೆ ಅದು ಏದುಸಿರು ಬಿಡುತ್ತಿತ್ತು. ಪ್ರಾಸೆಸರ್ ಎಂದರೆ ಯಾವ ಕೆಲಸ ಕೊಟ್ಟರೂ ಮಾಡುವ ಆಳು, ಹಾಗಾಗಿ ಯಾವ ಕೆಲಸವನ್ನೂ ಕಡಿಮೆ ಶ್ರಮದಲ್ಲಿ ಮಾಡಲಾರ. 2007ರ ಹೊತ್ತಿಗೆ ಗ್ರಾಫಿಕ್ಸ್ ಚಿಪ್‌ಗಳೊಳಗೆ ವಿಡಿಯೋ ಬಿಡಿಸುವುದಕ್ಕೇ ಮೀಸಲಾದ ಒಂದು ಪುಟ್ಟ ಮೂಲೆ ಬಂತು. ಆ ಮೂಲೆಗೆ ಬೇರೇನೂ ಬರೋದಿಲ್ಲ. ಆದರೆ ಆ ಒಂದು ಕೆಲಸವನ್ನು ಪ್ರಾಸೆಸರಿನ ಸಣ್ಣ ಪಾಲು ವಿದ್ಯುತ್ತಿನಲ್ಲಿ ಮುಗಿಸುತ್ತೆ. ಅಡಿಕೆ ಸುಲಿಯೋದನ್ನು ನೋಡಿದವರಿಗೆ ಇದು ಅರ್ಥವಾಗುತ್ತೆ. ಊರಿಗೆ ಬಂದ ನೆಂಟ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಮೆಟ್ಟುಕತ್ತಿಯ ಮುಂದೆ ಕೂತ ಸುಲಿಯುವವಳ ಮುಂದೆ ಬೆವರುತ್ತಾನೆ. ಅವಳು ಮಾತಾಡುತ್ತಲೇ ಡಬ್ಬ ತುಂಬಿಸ್ತಾಳೆ.

2008ರಲ್ಲಿ ಇಂಟೆಲ್ ಆಟಮ್ ಬಂದಾಗ ಒಂದು ವಿಚಿತ್ರ ನಡೆಯಿತು. ಪ್ರಾಸೆಸರ್ 4 ವ್ಯಾಟಿನದು. ಆದರೆ ಇಂಟೆಲಿನದೇ ಪುಟ್ಟ ಬೋರ್ಡಿನಲ್ಲಿ ಅದರ ಜೊತೆ ಕೂತ ಹಳೇ ಚಿಪ್‌ಸೆಟ್ 22 ವ್ಯಾಟಿನದು! ಪ್ರಾಸೆಸರ್ ತಣ್ಣಗೆ ಬರೀ ಹೀಟ್ ಸಿಂಕ್ ಹೊದ್ದು ಕೂತಿದ್ದರೆ, ಪಕ್ಕದ ಚಿಪ್‌ಸೆಟ್‌ ತಲೆಯ ಮೇಲೆ ಫ್ಯಾನ್ ಕಿರುಚುತ್ತಿತ್ತು. ಭಾಗ ಆರಿಸುವವರು ಬರೀ ಪ್ರಾಸೆಸರಿನ ವ್ಯಾಟ್ ನೋಡಬಾರದು, ಇಡೀ ಬೋರ್ಡಿನದು ನೋಡಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. ಅದೇ ವರ್ಷ ಇಂಟೆಲಿನ ಎಕ್ಸ್25-ಎಂ ಎಂಬ 80 ಜಿಬಿ ಎಸ್‌ಎಸ್‌ಡಿ ಬಂತು. ಬೆಲೆ 595 ಡಾಲರ್, ದುಬಾರಿಯೇ. ಆದರೆ ತಿರುಗುವ ತಟ್ಟೆಯೇ ಇಲ್ಲದ ಡಿಸ್ಕ್, ಅಲ್ಲಿಗೆ ಎಲಾಸ್ಟಿಕ್ ತೊಟ್ಟಿಲಿನ ಕಾಲವೂ ಮುಗಿಯಿತು.

ಆಮೇಲೆ 2012ರ ಫೆಬ್ರವರಿ 29ರಂದು ಬ್ರಿಟನ್ನಿನ ರಾಸ್ಪ್‌ಬೆರಿ ಪೈ. 35 ಡಾಲರು, 700 ಮೆಗಾಹರ್ಟ್ಸಿನ ಬಡಪಾಯಿ ಪ್ರಾಸೆಸರ್, ಫ್ಯಾನ್ ಬಿಡಿ, ಹೀಟ್ ಸಿಂಕೂ ಇಲ್ಲ. ಆದರೆ ಚಿಪ್ಪಿನೊಳಗೆ ಎಚ್.264 ಬಿಡಿಸುವ ಆ ಮೀಸಲು ಮೂಲೆ ಇತ್ತು. ಪೂರ್ಣ ಎಚ್‌ಡಿ ಸಿನಿಮಾ ಸದ್ದಿಲ್ಲದೆ ಓಡಿತು. ಎಂಟು ವರ್ಷದ ಹಿಂದೆ ನೂರು ವ್ಯಾಟಿನ ಯಂತ್ರಕ್ಕೂ ಬೆವರಿಳಿಸುತ್ತಿದ್ದ ಕೆಲಸ.

ಸದ್ದು ಹೋದದ್ದೆಲ್ಲಿಗೆ

ಇಲ್ಲಿಗೆ ಸುಖಾಂತ್ಯ ಆಗಬೇಕಿತ್ತು. ಯಂತ್ರ ಮೂಕವಾದ ಹೊತ್ತಿಗೆ ಸರಿಯಾಗಿ ಅದು ಯಾರಿಗೂ ಬೇಡವಾಯಿತು. 2015ರ ವಿಂಡೋಸ್ 10ರಲ್ಲಿ ಮೀಡಿಯಾ ಸೆಂಟರ್ ಇರಲಿಲ್ಲ. 2016ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್ ಭಾರತಕ್ಕೆ ಬಂತು, ಸೆಪ್ಟೆಂಬರಿನಲ್ಲಿ ಜಿಯೋ. ಟೀವಿಯ ಬೆನ್ನಿಗೆ ಚುಚ್ಚುವ ಬೆರಳುದ್ದದ ಕಡ್ಡಿಗಳು ಬಂದವು. ಇಂಟೆಲ್ ಕೂಡ ತನ್ನ ಅಂಗೈಯಗಲದ ನುಕ್ ಪಿಸಿಗಳನ್ನು 2023ರಲ್ಲಿ ಕೈಬಿಟ್ಟು ಏಸಸ್‌ಗೆ ವಹಿಸಿತು.

ಆ ಕಡ್ಡಿಗಳಲ್ಲಿ ಸದ್ದಿಲ್ಲ, ನಿಜ. ಆದರೆ ಸದ್ದು ಸತ್ತಿಲ್ಲ, ಮನೆ ಬದಲಿಸಿದೆ. ಡೇಟಾ ಸೆಂಟರ್ ಒಳಗೆ ಹೋದವರಿಗೆ ಗೊತ್ತು, ಅಲ್ಲಿ ಪಕ್ಕದಲ್ಲಿರುವವರ ಜೊತೆ ಕೂಗಿ ಮಾತಾಡಬೇಕು. ತೆಳ್ಳನೆಯ ಸರ್ವರುಗಳಲ್ಲಿ ಬೆಂಕಿಪೊಟ್ಟಣದಷ್ಟು ಅಗಲದ ಫ್ಯಾನ್‌ಗಳು ನಿಮಿಷಕ್ಕೆ ಹತ್ತು ಸಾವಿರ ಸುತ್ತು ಮೀರಿ ತಿರುಗುತ್ತಿರುತ್ತವೆ. ಕೆಲಸದ ಮೇಲೆ ಹೋದಾಗಲೆಲ್ಲ ನಾನು ಕಿವಿಗೆ ಪ್ಲಗ್ ಹಾಕಿಕೊಂಡೇ ನಿಂತಿರ್ತೀನಿ. ನಮ್ಮ ಹಾಲ್‌ನ ಮೌನಕ್ಕೆ ಬೇಕಾದ ಗದ್ದಲ ಅಲ್ಲಿ ನಡೀತಿರುತ್ತೆ.

ಇದರಲ್ಲಿ ತಪ್ಪೇನು ಅಂತ ಕೇಳಬಹುದು. ತಪ್ಪಲ್ಲ. ಆದರೆ ಸದ್ದಿನ ಜೊತೆಗೆ ಇನ್ನೊಂದೂ ಮನೆಯಿಂದ ಹೊರಟುಹೋಯಿತು. ಏನು ನೋಡಬಹುದು ಅನ್ನೋ ತೀರ್ಮಾನ.

ನಮ್ಮ ಅಪ್ಪನ ಹತ್ತಿರ ಒಂದು ಟ್ರಂಕ್ ತುಂಬ ತಾಳಮದ್ದಳೆಯ ಕ್ಯಾಸೆಟ್‌ಗಳಿದ್ದವು. ದೊಡ್ಡ ಕಲಾವಿದರದ್ದಲ್ಲ, ಊರಿನ ದೇವಸ್ಥಾನದ ಚಪ್ಪರದಲ್ಲಿ, ಮಳೆಗಾಲದ ಜಗಲಿಗಳಲ್ಲಿ ಕೂತು ಅರ್ಥ ಹೇಳಿದವರದ್ದು. ಮಳೆಗಾಲದಲ್ಲಿ ಬೂಷ್ಟು ಹಿಡಿದು ಕೆಲವು ಹೋದವು, ಉಳಿದವನ್ನು ಕಂಪ್ಯೂಟರಿಗೆ ಇಳಿಸಿದೆವು. ಜೊತೆಗೆ ಅಕ್ಕನ ಮದುವೆಯ ವಿಡಿಯೋ, ಊರಿನ ಆಟದ ಎರಡು ವಿಎಚ್‌ಎಸ್ ಟೇಪು. ಅದರಲ್ಲಿ ಅರ್ಥ ಹೇಳಿದವರಲ್ಲಿ ಅರ್ಧ ಜನ ಈಗಿಲ್ಲ. ಇವು ಯಾವ ಓಟಿಟಿಗೂ ಬರೋದಿಲ್ಲ, ಬರಬೇಕಾಗಿಯೂ ಇಲ್ಲ.

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಇರೋದು ಮಾತು. ಕೃಷ್ಣ ಹುಟ್ಟಿನ ಗುಟ್ಟು ಹೇಳಿದ ಮೇಲೆ ಕರ್ಣ ಬಾಯಿ ತೆರೆಯುವ ಮುಂಚೆ ಒಂದು ಮೌನ ಇರುತ್ತೆ. ಅದನ್ನು ಎಷ್ಟು ಹೊತ್ತು ಹಿಡಿಯಬೇಕು ಅನ್ನೋದು ಅರ್ಥಧಾರಿಯ ವಿದ್ಯೆ. ಮೊದಲು ಊರಿಗೆ ಒಯ್ದದ್ದು ಯಾರೋ ಕೊಟ್ಟ ಹಳೇ ಆಫೀಸ್ ಪಿಸಿ. ಅಪ್ಪ ಐದು ನಿಮಿಷ ಕೇಳಿ, "ಇದೆಂತದಾ, ಒಳಗೆ ಜೇನು ಕೂತಿದ್ಯಾ?" ಅಂದರು. ಕರ್ಣನ ಮೌನದಲ್ಲಿ ಜೇನು ಗುಂಯ್ ಅನ್ನಬಾರದು. ಸರಿ, ಹೊಸತು ಜೋಡಿಸೋಣ ಅಂತಾಯಿತು.

ಆರಿಸಿದ್ದು ಹೀಗೆ

ಎಸ್‌ಪಿ ರೋಡಿನಲ್ಲಿ "ಇದು ಎಷ್ಟು ಸದ್ದು ಮಾಡುತ್ತೆ?" ಅಂತ ಕೇಳಿದರೆ "ಸರ್, ಫುಲ್ ಆರ್‌ಜಿಬಿ ಲೈಟ್ ಇದೆ" ಅನ್ನೋ ಉತ್ತರ ಬರುತ್ತೆ. ಹಾಗಾಗಿ ಲೆಕ್ಕ ಮನೆಯಲ್ಲೇ ಮಾಡಿಕೊಂಡು ಹೋಗಬೇಕು.

ಪ್ರಾಸೆಸರಿಗೆ ನಾನು ಆರಿಸಿದ್ದು 2023ರ ಇಂಟೆಲ್ ಎನ್100, 6 ವ್ಯಾಟಿನದು. ವೇಗ ನೋಡಲಿಲ್ಲ, ಯಾವ ಯಾವ ವಿಡಿಯೋವನ್ನು ಆ ಮೀಸಲು ಮೂಲೆಯಲ್ಲೇ ಬಿಡಿಸುತ್ತೆ ಅಂತ ನೋಡಿದೆ. 2003ರ ಎಚ್.264, 2013ರ ಎಚ್‌ಇವಿಸಿ, 2018ರ ಎವಿ1, ಮೂರೂ ಅದರ ಕೈಯಲ್ಲಿ ಆಗುತ್ತೆ. ಇದೊಂದು ಸರಿಯಿದ್ದರೆ ಮುಕ್ಕಾಲು ಪಾಲು ಮೌನ ಬಂದ ಹಾಗೆ.

ಕೂಲರಿಗೆ ಕೇಸೇ ಹೀಟ್ ಸಿಂಕ್ ಆಗಿರುವ ಫ್ಯಾನ್‌ರಹಿತ ಪೆಟ್ಟಿಗೆ. ಆದರೆ ಇಲ್ಲಿ ಊರಿನ ಹವೆ ನೋಡಬೇಕು. ಹೀಟ್ ಸಿಂಕ್ ತಣಿಸೋದು ಕೋಣೆಯ ಗಾಳಿಗೆ ಹೋಲಿಸಿ. ಚಿಪ್ ಕೋಣೆಗಿಂತ 40 ಡಿಗ್ರಿ ಮೇಲೆ ನಿಲ್ಲುತ್ತೆ ಅಂದರೆ 25 ಡಿಗ್ರಿಯ ಸಾಗರದಲ್ಲಿ 65, 42 ಡಿಗ್ರಿಯ ಕಲಬುರಗಿಯ ಬೇಸಿಗೆಯಲ್ಲಿ 82. ಬಯಲುಸೀಮೆಯ ಮನೆಗಾದರೆ ನಾನು 120 ಮಿಲಿಮೀಟರಿನ ಒಂದು ಫ್ಯಾನನ್ನು ಅತಿ ನಿಧಾನಕ್ಕೆ ಓಡಿಸ್ತೀನಿ. ಕೇಳಿಸದ ಫ್ಯಾನೂ ಮೌನವೇ. ಮಲೆನಾಡಿಗೆ ಫ್ಯಾನ್ ಇಲ್ಲದ್ದೇ ವಾಸಿ. ಗಾಳಿಯ ಜೊತೆ ಧೂಳು, ತೇವ, ಇರುವೆ ಯಾವುದನ್ನೂ ಒಳಗೆ ಎಳೆದುಕೊಳ್ಳೋದಿಲ್ಲ.

ಪವರ್‌ಗೆ ಲ್ಯಾಪ್‌ಟಾಪ್ ಥರದ ಹೊರಗಿನ ಅಡಾಪ್ಟರ್. ಇದರಲ್ಲಿ ಒಂದು ಎಚ್ಚರ: ಫ್ಯಾನ್ ಸದ್ದು ಹೋದ ಮೇಲೆ ಅಗ್ಗದ ಅಡಾಪ್ಟರಿನ ತಂತಿ ಸುರುಳಿಗಳ ಸಣ್ಣ ಕೀಚಲು ಕೇಳಿಸತೊಡಗುತ್ತೆ. ಒಂದು ಸದ್ದು ಅಡಗಿದ ಮೇಲೆಯೇ ಅದರ ಹಿಂದೆ ಅಡಗಿದ್ದ ಇನ್ನೊಂದು ಸದ್ದು ಗೊತ್ತಾಗೋದು. ಹಾಗಾಗಿ ಇಲ್ಲಿ ಕಾಸು ಉಳಿಸಬೇಡಿ.

ತಂತ್ರಾಂಶಕ್ಕೆ ಎಸ್‌ಎಸ್‌ಡಿ, ಅದರ ಮೇಲೆ ಲಿನಕ್ಸ್ ಮತ್ತು ಕೋಡಿ. ಕ್ಯಾಸೆಟ್‌ಗಳಿಂದ ಇಳಿಸಿದ ಕಡತಗಳೂ ಅದರಲ್ಲೇ, ಇನ್ನೊಂದು ಪ್ರತಿ ಬೆಂಗಳೂರಿನ ನಮ್ಮ ಮನೆಯ ಹಾರ್ಡ್ ಡಿಸ್ಕಿನಲ್ಲಿ. ತಿರುಗುವ ಡಿಸ್ಕ್ ಅಗ್ಗ, ಇಟ್ಟುಕೊಳ್ಳಿ, ಆದರೆ ಟೀವಿ ಇರುವ ಕೋಣೆಯಲ್ಲಿ ಬೇಡ. ಗೋಡೆಗಿಂತ ಒಳ್ಳೆಯ ಸೈಲೆನ್ಸರ್ ಇನ್ನೂ ಬಂದಿಲ್ಲ.

ಈ ಪೆಟ್ಟಿಗೆ ಬೆರಳುದ್ದದ ಕಡ್ಡಿಗಿಂತ ದುಬಾರಿ, ಜೋಡಿಸಲು ಎರಡು ಭಾನುವಾರ ಬೇಕು. ಓಟಿಟಿ ಸಿನಿಮಾಗಳಿಗೆ ನಾನೂ ಕಡ್ಡಿಯನ್ನೇ ಬಳಸ್ತೀನಿ. ಸದ್ದಿನ ವಿಷಯದಲ್ಲಿ ಇವತ್ತು ಎರಡೂ ಒಂದೇ, ಎರಡೂ ಮೂಕ. ಹಾಗಾಗಿ ಈಗ ಆರಿಸುವವರು ಕೇಳಬೇಕಾದ ಮೊದಲ ಪ್ರಶ್ನೆ ಡೆಸಿಬಲ್ಲಿನದ್ದಲ್ಲ, ಇಂಟರ್‌ನೆಟ್ ಹೋದ ದಿನ ಇದರಲ್ಲಿ ಏನು ಉಳಿದಿರುತ್ತೆ ಅನ್ನೋದು. ನಮ್ಮೂರಿನಲ್ಲಿ ಮಳೆಗಾಲದಲ್ಲಿ ಮರ ಬಿದ್ದರೆ ನಾಲ್ಕು ದಿನ ನೆಟ್ ಇರೋದಿಲ್ಲ. ಇನ್ವರ್ಟರ್ ಇದೆ, ಪೆಟ್ಟಿಗೆಗೆ ಬೇಕಾದದ್ದು ಒಂದು ಸಣ್ಣ ಬಲ್ಬಿನಷ್ಟು ಕರೆಂಟು. ಅಂಥ ದಿನಗಳಲ್ಲೇ ಅಪ್ಪ ಅಕ್ಕಪಕ್ಕದ ಮನೆಯವರನ್ನೂ ಕರೆದು ಕೂರಿಸಿಕೊಂಡು ಕರ್ಣಭೇದನ ಹಾಕ್ತಾರಂತೆ.